ಓ, ಯು, ಜಿ, ಎಚ್: ಬಾಯಿ ಬಿಟ್ಟದ್ದು, ಬರಹ ಉಳಿಸಿಕೊಂಡದ್ದು

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಸ್ಪೆಲ್ಲಿಂಗ್ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಓ, ಯು, ಜಿ, ಎಚ್ ಈ ನಾಲ್ಕು ಅಕ್ಷರ ಸಾಲಾಗಿ ಬರುವ ಇಂಗ್ಲಿಷ್ ಪದಗಳ ಒಂದು ಪಟ್ಟಿ ಕೊಟ್ಟಿದ್ದಾರೆ. ರಫ್, ಕಾಫ್, ಥ್ರೂ, ದೋ ಗೊತ್ತಿತ್ತು. ಆದರೆ ಚಫ್, ಸ್ಲೌ, ಸೌ, ಹಾಕ್, ಡೌಟಿ, ಬ್ರೂಮ್, ಲಾಖ್ ಇವನ್ನೆಲ್ಲ ನಾನೂ ಕೇಳಿರಲಿಲ್ಲ. ಇವುಗಳ ಅರ್ಥ ಏನು? ಓದುವುದಕ್ಕೆ ಏನಾದರೂ ನಿಯಮ ಇದೆಯಾ? ಮಗಳು ಕೇಳುವುದು ಇನ್ನೊಂದು: "ಹೇಳದೇ ಇರೋ ಅಕ್ಷರ ಯಾಕೆ ಬರೀಬೇಕು?"

ಉತ್ತರ: ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ನಿಮ್ಮ ಎರಡು ಪ್ರಶ್ನೆಗಳೂ ಹಗುರವಾಗುತ್ತವೆ.

ಆ ಅಕ್ಷರಗಳನ್ನು ಒಂದು ಕಾಲದಲ್ಲಿ ಹೇಳುತ್ತಿದ್ದರು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಗಂಟಲ ಹತ್ತಿರ ಉಜ್ಜಿಕೊಂಡು ಬರುವ ಒಂದು ಸದ್ದಿತ್ತು. ಉರ್ದು ಮಾತಾಡುವವರು 'ಖಬರ್' ಅನ್ನುವಾಗ ಮೊದಲು ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಸದ್ದು. ರಾತ್ರಿಗೆ ಆಗಿನ ಇಂಗ್ಲಿಷಿನವರು 'ನೈಟ್' ಅನ್ನುತ್ತಿರಲಿಲ್ಲ, 'ನಿಖ್ಟ್' ಅನ್ನುತ್ತಿದ್ದರು. ಜರ್ಮನ್ನರು ಈಗಲೂ 'ನಾಖ್ಟ್' ಅನ್ನುತ್ತಾರೆ. ಆ ಸದ್ದನ್ನು ಮೊದಲು ಬರೀ ಎಚ್ ಅಕ್ಷರದಲ್ಲಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಬರವಣಿಗೆಯ ಕೆಲಸ ಫ್ರೆಂಚ್ ಪದ್ಧತಿಯಲ್ಲಿ ಕಲಿತ ಲಿಪಿಕಾರರ ಕೈಗೆ ಬಂತು. ಈ ಗಂಟಲ ಸದ್ದಿಗೆ ಜಿ ಮತ್ತು ಎಚ್ ಜೋಡಿಸಿ ಬರೆಯುವ ರೂಢಿ ನಿಧಾನಕ್ಕೆ ಬೇರೂರಿದ್ದು ಆಗ.

ಮುಂದೆ ಎರಡು ಸಂಗತಿ ಹತ್ತಿರ ಹತ್ತಿರ ನಡೆದವು. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಇಟ್ಟ. ಪುಸ್ತಕ ಅಚ್ಚಾಗತೊಡಗಿದ ಮೇಲೆ ಸ್ಪೆಲ್ಲಿಂಗ್ ಮೆಲ್ಲಗೆ ಗಟ್ಟಿಯಾಗುತ್ತಾ ಹೋಯಿತು. ಜನರ ಬಾಯಿ ಮಾತ್ರ ನಿಲ್ಲಲಿಲ್ಲ. ಅದೇ ಶತಮಾನಗಳಲ್ಲಿ ಗಂಟಲ ಸದ್ದು ಕಳಚಿಕೊಂಡಿತು, ಸ್ವರಗಳೂ ಜಾಗ ಬದಲಿಸಿದವು. ಬರಹ ಹಳೆಯದು, ಮಾತು ಹೊಸದು. ಓಯುಜಿಎಚ್ ಕಾಟಕ್ಕೆ ಮೂಲ ಇಷ್ಟೇ.

ಕನ್ನಡದಲ್ಲೂ ಸದ್ದುಗಳು ಹೀಗೆಯೇ ಬದಲಾಗಿವೆ. ಆದರೆ ನಾವು ಬೇರೆ ದಾರಿ ಹಿಡಿದೆವು. 'ಹಳಗನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಹಿಂದೆ ಅದು 'ಪೞಗನ್ನಡ'. ಶುರುವಿನ ಪಕಾರ ಹಕಾರವಾಯಿತು, ೞ ಎಂಬ ಸದ್ದು ಳ ಆಯಿತು. ಬಾಯಿ ಬದಲಾದಂತೆ ನಾವು ಬರಹವನ್ನೂ ಬದಲಿಸಿಕೊಂಡೆವು. ೞ ಅಕ್ಷರವನ್ನೇ ಕೈಬಿಟ್ಟೆವು. ಇಂಗ್ಲಿಷಿನವರ ಹಾಗೆ ಮಾಡಿದ್ದರೆ ಇವತ್ತೂ 'ಪೞ' ಎಂದು ಬರೆದು 'ಹಳ' ಎಂದು ಓದಬೇಕಿತ್ತು. 'ಪಾಲು' ಎಂದು ಬರೆದು 'ಹಾಲು' ಕುಡಿಯಬೇಕಿತ್ತು. ಮಗಳಿಗೆ ಇದನ್ನು ಹೇಳಿ. ಇಂಗ್ಲಿಷ್ ಮಕ್ಕಳು ದಿನಾ ಮಾಡುವ ಕೆಲಸ ಅದೇ ಎಂದು ತಕ್ಷಣ ಹೊಳೆಯುತ್ತದೆ.

ಇನ್ನು ಆ ಗಂಟಲ ಸದ್ದು ಹೋದದ್ದೆಲ್ಲಿಗೆ? ಮುಖ್ಯವಾಗಿ ಎರಡು ಕಡೆ. ಕೆಲವು ಪದಗಳಲ್ಲಿ ಪೂರ್ತಿ ಬಿದ್ದುಹೋಯಿತು: ದೋ, ಥ್ರೂ, ಕೊಂಬೆ ಎಂಬ ಅರ್ಥದ ಬೌ. ಕೆಲವು ಪದಗಳಲ್ಲಿ 'ಫ್' ಆಯಿತು: ರಫ್, ಟಫ್, ಕಾಫ್. ಗಂಟಲಿನದು ತುಟಿಗೆ ಬರುವುದು ಹೇಗೆ ಅಂತ ಅನ್ನಿಸಬಹುದು. ಇದಕ್ಕೆ ನಮ್ಮ ವಿಸರ್ಗವೇ ಒಳ್ಳೆಯ ಪಾಠ. 'ಅಂತಃಕರಣ' ಎಂದು ನಿಧಾನಕ್ಕೆ ಹೇಳಿ. ವಿಸರ್ಗದ ಗಾಳಿ ನಾಲಿಗೆಯ ಬುಡದಲ್ಲಿ ಉಜ್ಜುತ್ತದೆ. ಈಗ 'ಅಂತಃಪುರ' ಎನ್ನಿ. ಅದೇ ಗಾಳಿ ತುಟಿಗಳ ನಡುವೆ ಬಂದು ಹೆಚ್ಚುಕಡಿಮೆ 'ಫ್' ಆಗುತ್ತದೆ. ಹಳೆಯ ವ್ಯಾಕರಣಕಾರರು ಮೊದಲನೆಯದನ್ನು ಜಿಹ್ವಾಮೂಲೀಯ ಅಂದರು, ಎರಡನೆಯದನ್ನು ಉಪಧ್ಮಾನೀಯ ಅಂದರು. ಕನ್ನಡ ಲಿಪಿಯಲ್ಲಿ ಎರಡಕ್ಕೂ ಬೇರೆ ಬೇರೆ ಗುರುತುಗಳೇ ಇದ್ದವು. ನಮ್ಮಲ್ಲಿ ಮುಂದಿನ ಪಕಾರ ಗಾಳಿಯನ್ನು ತುಟಿಗೆ ಎಳೆಯಿತು. ಇಂಗ್ಲಿಷಿನಲ್ಲಿ ಹಿಂದಿನ ಸ್ವರ ಎಳೆಯಿತು. ಊ, ಓ ಅನ್ನುವಾಗ ತುಟಿ ದುಂಡಗಾಗುತ್ತದಲ್ಲ, ಆ ದುಂಡುತನ ಗಂಟಲ ಸದ್ದಿಗೂ ಅಂಟಿಕೊಂಡಿತು. 'ರೂಖ್' ಎಂದಿದ್ದದ್ದು ಹಾಗೇ 'ರಫ್' ಆಯಿತು.

ಸರಿ, ನಿಯಮ ಇದೆಯಾ? ನಂಬಬಹುದಾದದ್ದು ಒಂದೇ ಒಂದು ಇದೆ, ಅದನ್ನು ಮೊದಲು ಕಲಿಸಿ. ಓಯುಜಿಎಚ್ ಆದಮೇಲೆ ಟಿ ಬಂದರೆ ಜಿಎಚ್ ಯಾವತ್ತೂ ಮೌನ. ಸ್ವರ ಸಾಮಾನ್ಯವಾಗಿ 'ಆ': ಬಾಟ್, ಬ್ರಾಟ್, ಥಾಟ್, ಫಾಟ್, ಸಾಟ್, ರಾಟ್, ನಾಟ್, ಆಟ್. ತಪ್ಪಿಸಿಕೊಳ್ಳುವುದು ಎರಡು ಪದ ಮಾತ್ರ. ಬರಗಾಲಕ್ಕೆ ಹೇಳುವ 'ಡ್ರೌಟ್' ಒಂದು. ಇದು ಒಣಗುವುದಕ್ಕೆ ಹೇಳುವ 'ಡ್ರೈ' ಪದದ ಅಣ್ಣತಮ್ಮ. ಇನ್ನೊಂದು ನಿಮ್ಮ ಪಟ್ಟಿಯ 'ಡೌಟಿ'. ಕೇಳಿದರೆ ಡೌಟು, ಅನುಮಾನ ನೆನಪಾಗುತ್ತದೆ. ಅರ್ಥ ಮಾತ್ರ ತದ್ವಿರುದ್ಧ. ಡೌಟಿ ಅಂದರೆ ಎದೆಗಾರ, ಜಗ್ಗದವನು.

ಟಿ ಇಲ್ಲದ ಪದಗಳಿಗೆ ನಿಯಮ ಹುಡುಕಬೇಡಿ. ಸಮಯ ಹಾಳಾಗುತ್ತದೆ. ಯಾಕೆ ನಿಯಮ ಇಲ್ಲ ಅನ್ನುವುದಕ್ಕೆ ಒಂದು ಜೋಡಿ ಸಾಕು. ಸಾಕು ಎಂಬ ಅರ್ಥದ 'ಇನಫ್', ನೇಗಿಲು ಎಂಬ ಅರ್ಥದ 'ಪ್ಲೌ'. ಹಳೆಯ ಇಂಗ್ಲಿಷಿನಲ್ಲಿ ಎರಡರ ಕೊನೆಯೂ ಒಂದೇ: 'ಗೆನೋಖ್', 'ಪ್ಲೋಖ್'. ಆದರೆ ಪದದ ಕೊನೆಗೆ ಪ್ರತ್ಯಯ ಸೇರಿದಾಗ ಆ ಸದ್ದು ಎರಡು ಸ್ವರಗಳ ನಡುವೆ ಸಿಕ್ಕಿ ಮೆತ್ತಗಾಗಿ 'ವ' ಆಗುತ್ತಿತ್ತು. ಹೀಗೆ ಪ್ರತಿ ಪದಕ್ಕೂ ಎರಡು ರೂಪ ಬಂದವು, ಫಕಾರದ್ದೊಂದು, ವಕಾರದ್ದೊಂದು. ಇನಫ್ ಪದದಲ್ಲಿ ಫಕಾರದ್ದು ಗೆದ್ದಿತು. ಪ್ಲೌ, ಬೌ ಪದಗಳಲ್ಲಿ ವಕಾರದ್ದು ಗೆದ್ದಿತು. ಸೋತ ರೂಪಗಳೂ ಪೂರ್ತಿ ಅಳಿದಿಲ್ಲ. ಹಳೆಯ ಇಂಗ್ಲಿಷ್ ಕವಿತೆಗಳಲ್ಲಿ 'ಇನೌ' ಎಂಬ ಪದ ಸಿಗುತ್ತದೆ. ಅದು ಇನಫ್ ಪದದ ಇನ್ನೊಂದು ರೂಪ, ಬಹುವಚನದ ಜೊತೆ ಬಳಸುತ್ತಿದ್ದದ್ದು. ಯಾವ ಪದಕ್ಕೆ ಯಾವ ರೂಪ ನಿಂತಿತು ಅನ್ನುವುದು ಆಯಾ ಪದದ ಹಣೆಬರಹ. ಅದಕ್ಕೇ ಒಂದೊಂದನ್ನೂ ಪರಿಚಯ ಮಾಡಿಕೊಳ್ಳುವುದೇ ದಾರಿ. ಮನುಷ್ಯರ ಪರಿಚಯವಾದ ಹಾಗೆ, ಊರು, ಮನೆ, ಸಂಬಂಧ ಗೊತ್ತಾದರೆ ಪದವೂ ಮರೆಯುವುದಿಲ್ಲ.

ಈಗ ನೀವು ಕೇಳಿದ ಅಪರೂಪದ ಪದಗಳಿಗೆ ಬರೋಣ.

ಚಫ್ ಒಂದು ಹಕ್ಕಿ. ಕಾಗೆಯ ಜಾತಿ. ಮೈಯೆಲ್ಲ ಹೊಳೆಯುವ ಕಪ್ಪು, ಕೊಕ್ಕು ಮತ್ತು ಕಾಲು ಕೆಂಪು. ಅದರ ಕೂಗಿನಿಂದಲೇ ಹೆಸರು ಬಂದದ್ದು, ನಾವು 'ಕಾ ಕಾ' ಕೇಳಿ ಕಾಗೆ ಅಂದ ಹಾಗೆ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತ್ಯಕ್ಕೆ ಇದು ಲಾಂಛನದ ಹಕ್ಕಿ. ರಾಜ ಆರ್ಥರ್ ಸತ್ತಮೇಲೆ ಅವನ ಜೀವ ಚಫ್ ಹಕ್ಕಿಯಾಯಿತು, ಕೊಕ್ಕಿನ ಕೆಂಪು ಅವನ ಕೊನೆಯ ಯುದ್ಧದ ರಕ್ತ ಎಂದು ಅಲ್ಲಿಯವರು ಕಥೆ ಹೇಳುತ್ತಾರೆ. 1973ರಲ್ಲಿ ಅಲ್ಲಿದ್ದ ಕೊನೆಯ ಚಫ್ ಸತ್ತುಹೋಯಿತು. 2001ರಲ್ಲಿ ಯಾರೂ ತಂದು ಬಿಡದೆ ಹಕ್ಕಿಗಳು ತಾವಾಗಿಯೇ ವಾಪಸು ಬಂದವು. ಈ ಸಂಗತಿ ನನಗೆ ತುಂಬಾ ಇಷ್ಟ. ಇದನ್ನು ನೋಡಲು ಇಂಗ್ಲೆಂಡಿಗೇ ಹೋಗಬೇಕಿಲ್ಲ. ಲಡಾಖ್ ಪ್ರವಾಸಕ್ಕೆ ಹೋದವರು ಕೆಂಪು ಕೊಕ್ಕಿನ ಈ ಕರಿ ಹಕ್ಕಿಯನ್ನು ಖಂಡಿತ ನೋಡಿರುತ್ತಾರೆ. ಹಳದಿ ಕೊಕ್ಕಿನ ಇದರ ಸೋದರ ಜಾತಿ ಎವರೆಸ್ಟ್ ಹತ್ತುವವರ ಹಿಂದೆಯೇ 8,000 ಮೀಟರಿಗಿಂತ ಮೇಲಿನವರೆಗೂ ಹೋದದ್ದುಂಟು.

ಸ್ಲೌ ಪದದಲ್ಲಿ ಹುಷಾರಾಗಿರಬೇಕು. ಒಂದೇ ಸ್ಪೆಲ್ಲಿಂಗಿನಲ್ಲಿ ಎರಡು ಬೇರೆ ಪದ ಕೂತಿವೆ. 'ಸ್ಲೌ' ಅಂದರೆ ಕೆಸರುಗುಂಡಿ, ಜೌಗು. ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೋ ವಿಮಾನ ನಿಲ್ದಾಣದ ಹತ್ತಿರ ಇದೇ ಹೆಸರಿನ ಊರಿದೆ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ 1786ರಿಂದ ಅಲ್ಲೇ ಇದ್ದ. 40 ಅಡಿ ಉದ್ದದ ದೂರದರ್ಶಕವನ್ನು ನಿಲ್ಲಿಸಿದ್ದೂ ಅಲ್ಲೇ. ಇನ್ನೊಂದು ಪದ 'ಸ್ಲಫ್'. ಅದು ಹಾವಿನ ಪೊರೆ. ಪೊರೆ ಬಿಡುವುದಕ್ಕೂ ಅದೇ ಪದ. ಆಸ್ಪತ್ರೆಯಲ್ಲಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವವರ ಬಾಯಲ್ಲೂ ಇದನ್ನು ಕೇಳಬಹುದು. ಗಾಯದ ಮೇಲೆ ಕಟ್ಟಿಕೊಂಡ ಸತ್ತ ಪದರಕ್ಕೆ ಸ್ಲಫ್ ಎನ್ನುತ್ತಾರೆ. ಮಗಳಿಗೆ ಹೀಗೆ ಹೇಳಿಕೊಡಿ: ಕೆಸರಾದರೆ ಸ್ಲೌ, ಪೊರೆಯಾದರೆ ಸ್ಲಫ್. ಸ್ಪರ್ಧೆಯಲ್ಲಿ ಅರ್ಥ ಕೇಳಿಕೊಳ್ಳದೆ ಇದನ್ನು ಓದಬಾರದು.

ಸೌ ನನ್ನ ಮೆಚ್ಚಿನ ಪದ. ಮರಗಳ ನಡುವೆ ಗಾಳಿ ಹಾದುಹೋಗುವಾಗ ಬರುವ ಸದ್ದು. ಕೆಲವರು ಇದನ್ನು 'ಸಫ್' ಎಂದೂ ಹೇಳುತ್ತಾರೆ, ಎರಡೂ ಸರಿ. ಸಂಜೆ ಹೊತ್ತು ಸಮುದ್ರದ ದಡದ ಗಾಳಿಮರಗಳ ಕೆಳಗೆ ನಿಂತಿದ್ದೀರಾ? ಆ ಉದ್ದನೆಯ 'ಸುಯ್' ಸದ್ದೇ ಇದು. ಹಳಗನ್ನಡದಲ್ಲಿ 'ಸುಯ್' ಅಂದರೆ ನಿಟ್ಟುಸಿರು. ಇಂಗ್ಲಿಷಿನ ಪದಕ್ಕೂ ಗಾಳಿಯ ಸದ್ದು, ನಿಟ್ಟುಸಿರು ಎರಡೂ ಅರ್ಥ ಇವೆ. ಆದರೆ ಕನ್ನಡದ ಪದಕ್ಕೂ ಇಂಗ್ಲಿಷಿನ ಪದಕ್ಕೂ ಸಂಬಂಧ ಇಲ್ಲ. ಒಂದೇ ಗಾಳಿಯನ್ನು ಎರಡು ಕಿವಿ ಒಂದೇ ರೀತಿ ಕೇಳಿಸಿಕೊಂಡಿವೆ.

ಹಾಕ್ ಅಂದರೆ ದನ, ಕುದುರೆಗಳ ಹಿಂಗಾಲಿನ ಮಧ್ಯದ ಕೀಲು. ಇಲ್ಲಿ ಗಂಟಲ ಸದ್ದು ಫಕಾರವೂ ಆಗಲಿಲ್ಲ, ಬೀಳಲೂ ಇಲ್ಲ, 'ಕ್' ಆಯಿತು. ಇಂಗ್ಲೆಂಡಿನಲ್ಲಿ ಈಗ ಸಾಮಾನ್ಯವಾಗಿ ಬೇರೆ ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾರೆ. ಸ್ಕಾಟ್ಲೆಂಡಿನಲ್ಲಿ ಓಯುಜಿಎಚ್ ಉಳಿದಿದೆ. ಅಲ್ಲಿ ದನದ ಮೊಣಕಾಲ ಕೆಳಗಿನ ಮಾಂಸಕ್ಕೆ ಈ ಹೆಸರು. ಅದನ್ನು ಗಂಟೆಗಟ್ಟಲೆ ಬೇಯಿಸಿ, ಅದರದೇ ಅಂಟಿನಲ್ಲಿ ಗಟ್ಟಿಯಾಗಲು ಬಿಟ್ಟು ತಿನ್ನುತ್ತಾರೆ. ಕಾಲು ಸೂಪು ಆರಿದಮೇಲೆ ಗಟ್ಟಿಯಾಗುವುದನ್ನು ನೋಡಿದವರಿಗೆ ಅದು ಹೇಗಿರುತ್ತದೆ ಎಂದು ಗೊತ್ತಾಗುತ್ತದೆ.

ಬಿಕ್ಕಳಿಕೆಯ 'ಹಿಕಪ್' ಪದವನ್ನು ಕೆಲವರು ಓಯುಜಿಎಚ್ ಹಾಕಿ ಬರೆಯುತ್ತಾರೆ. ಇದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಸ್ಪೆಲ್ಲಿಂಗ್. ಮೂಲದಲ್ಲಿ ಹಿಕಪ್ ಎನ್ನುವುದು ಬಿಕ್ಕಳಿಕೆಯ ಸದ್ದಿನ ಅನುಕರಣೆ ಅಷ್ಟೆ. ಬಿಕ್ಕಳಿಕೆಯೂ ಒಂದು ಥರದ ಕೆಮ್ಮು ಇರಬೇಕು ಅಂದುಕೊಂಡು ಯಾರೋ ಕೊನೆಗೆ 'ಕಾಫ್' ಪದದ ಸ್ಪೆಲ್ಲಿಂಗನ್ನು ಅಂಟಿಸಿದರು. ಬಾಯಿ ಮಾತ್ರ ಹಿಕಪ್ ಅನ್ನುವುದನ್ನು ಬಿಡಲಿಲ್ಲ. ಹಾಗಾಗಿ ಈ ನಾಲ್ಕು ಅಕ್ಷರಕ್ಕೆ 'ಅಪ್' ಎಂಬ ಉಚ್ಚಾರಣೆಯೂ ಸೇರಿತು.

ಬ್ರೂಮ್ ನಾಲ್ಕು ಗಾಲಿಯ ಮುಚ್ಚಿದ ಕುದುರೆಗಾಡಿ. ಲಾರ್ಡ್ ಬ್ರೂಮ್ ಎಂಬ ರಾಜಕಾರಣಿಯ ಹೆಸರಿನಿಂದ ಬಂದದ್ದು. ಅವರು 1830ರಿಂದ 1834ರವರೆಗೆ ಬ್ರಿಟನ್ನಿನ ಲಾರ್ಡ್ ಚಾನ್ಸಲರ್ ಆಗಿದ್ದರು. ಕ್ಲಫ್ ಅಂದರೆ ಬೆಟ್ಟದ ನಡುವಿನ ಕಡಿದಾದ ಕೊರಕಲು. ಉತ್ತರ ಇಂಗ್ಲೆಂಡಿನ ಪದ. ಈಗ ಅದು ಹೆಚ್ಚು ಉಳಿದಿರುವುದು ಊರು ಮತ್ತು ಮನೆತನದ ಹೆಸರುಗಳಲ್ಲಿ. ಫುಟ್‌ಬಾಲ್ ಮ್ಯಾನೇಜರ್ ಬ್ರಯಾನ್ ಕ್ಲಫ್ ಹೆಸರು ಕೇಳಿರಬಹುದು.

ಪಟ್ಟಿಯಲ್ಲಿ 'ಫರ್ಲೋ' ಇಲ್ಲದಿದ್ದರೆ ಸೇರಿಸಿಕೊಳ್ಳಿ. ರಜೆ ಎಂದು ಅರ್ಥ. ಇದು ಡಚ್ ಭಾಷೆಯ 'ಫರ್ಲೋಫ್' ಎಂಬ ಪದ. ಇದರಲ್ಲಿ ಗಂಟಲ ಸದ್ದು ಯಾವತ್ತೂ ಇರಲಿಲ್ಲ, ಸ್ಪೆಲ್ಲಿಂಗ್ ಮಾತ್ರ ಉಳಿದ ಪದಗಳಂತೆ ಮಾಡಿಕೊಂಡರು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಊರಿಗೆ ಹೋಗಲು ಹಾಕುತ್ತಿದ್ದ ದೀರ್ಘ ರಜೆಗೆ ಈ ಹೆಸರಿತ್ತು. ಈಗ ನಮ್ಮ ಪತ್ರಿಕೆಗಳಲ್ಲಿ ಕೈದಿಗಳ ಪೆರೋಲ್ ಸುದ್ದಿಯ ಜೊತೆ ಫರ್ಲೋ ಕಾಣಿಸುತ್ತದೆ. ಕೋವಿಡ್ ಬಂದ 2020ರಲ್ಲಿ ಬ್ರಿಟನ್ನಿನಲ್ಲಿ ಇದು ಮನೆಮಾತಾಯಿತು. ಕೆಲಸ ನಿಂತವರಿಗೆ ಸಂಬಳದ ಒಂದು ಪಾಲನ್ನು ಸರ್ಕಾರವೇ ಕೊಡುತ್ತಿದ್ದ ಯೋಜನೆಗೆ ಜನ ಕರೆದದ್ದು ಹೀಗೆ.

ದಿನಬಳಕೆಯ ಪದಗಳ ಒಳಗೂ ಕಥೆ ಕಡಿಮೆ ಇಲ್ಲ. ಎಷ್ಟೋ ಪದ ನೆನಪಿನಲ್ಲಿ ನಿಲ್ಲುವುದು ಈ ಕಥೆಗಳಿಂದ. 'ಥ್ರೂ' ಮತ್ತು 'ಥರ' ಮೂಲದಲ್ಲಿ ಒಂದೇ ಪದ. ಒಂದರ ಅರ್ಥ ಮೂಲಕ, ಇನ್ನೊಂದರ ಅರ್ಥ ಪೂರ್ತಿಯಾಗಿ. ಈ ತುದಿಯಿಂದ ಆ ತುದಿಯವರೆಗೆ ಹಾದುಹೋದರೆ ಪೂರ್ತಿ ನೋಡಿದ ಹಾಗಾಯಿತಲ್ಲ, ಅರ್ಥ ಹಾಗೆ ಬೆಳೆಯಿತು. 'ರಾಟ್' ಎನ್ನುವುದು 'ವರ್ಕ್' ಪದದ ಹಳೆಯ ಭೂತಕಾಲ. ಮನೆಯ ಗೇಟಿಗೆ ಹಾಕಿಸುವ ರಾಟ್ ಐರನ್ ಅಂದರೆ ಬಡಿದು ಕೆಲಸ ಮಾಡಿದ ಕಬ್ಬಿಣ. ಇಂಥದ್ದು ಮಾಡಬೇಕು ಅನ್ನಲು ಬಳಸುವ 'ಆಟ್' ಪದ, ಸಾಲ ಕೊಡಬೇಕಾಗಿದೆ ಎಂಬ ಅರ್ಥದ 'ಓ' ಪದದ ಭೂತಕಾಲ. ಕರ್ತವ್ಯವೂ ಒಂದು ಋಣ ಎಂಬ ತಿಳಿವಳಿಕೆ ಆ ಪದದಲ್ಲೇ ಇದೆ.

ಇನ್ನೆರಡು ಪದ ನಮ್ಮ ಮನೆಯವೇ. ಮರದ ಕೊಂಬೆಗೆ ಹೇಳುವ 'ಬೌ' ಮತ್ತು ಕಲಸಿದ ಹಿಟ್ಟಿಗೆ ಹೇಳುವ 'ಡೋ'. ಬೌ ಪದಕ್ಕೆ ಹಳೆಯ ಅರ್ಥ ಭುಜ, ತೋಳು. ಕೊಂಬೆ ಮರದ ತೋಳು. ಸಂಸ್ಕೃತದ 'ಬಾಹು' ಇದರ ಸೋದರ ಪದ, ಎರಡೂ ಒಂದೇ ಮೂಲದಿಂದ ಬಂದವು. ಡೋ ಹುಟ್ಟಿದ ಮೂಲಕ್ಕೆ ನಾದು, ಮಣ್ಣು ಮೆತ್ತಿ ರೂಪ ಕೊಡು ಎಂಬ ಅರ್ಥ. ಅದೇ ಮೂಲದಿಂದ ಸಂಸ್ಕೃತಕ್ಕೆ ಬಂದದ್ದು 'ದೇಹ'. ಹೋಳಿಗೆಗೆ ಕಣಕ ನಾದುವಾಗ ಇದನ್ನು ಮಗಳಿಗೆ ಹೇಳಿದರೆ ಮರೆಯಲಾರಳು. 'ಲೇಡಿ' ಎಂಬ ಪದದ ಕೊನೆಯಲ್ಲೂ ಇದೇ ಮೂಲ ಅಡಗಿದೆ. ಬ್ರೆಡ್ಡಿನ ಹಿಟ್ಟು ನಾದುವವಳು ಎಂದು ಅದರ ಮೊದಲ ಅರ್ಥ. ಈಗ ಗಮನಿಸಿ: ಬಾಹು, ದೇಹ ಎರಡರಲ್ಲೂ ಹಕಾರ ಇದೆ. ಆ ಹಕಾರ ಇರುವ ಜಾಗದಲ್ಲೇ ಇಂಗ್ಲಿಷಿನಲ್ಲಿ ಜಿಎಚ್ ಕೂತಿದೆ. ನಮ್ಮ ಬಾಯಲ್ಲಿ ಅದು ಇನ್ನೂ ಉಸಿರಾಡುತ್ತಿದೆ, ಅವರಲ್ಲಿ ಬರೀ ಬರಹದಲ್ಲಿದೆ. ದನಗಳ ಬಾನಿಗೆ ಹೇಳುವ 'ಟ್ರಾಫ್' ಕೂಡ ದೂರದ ನೆಂಟ. ಅದು 'ಟ್ರೀ' ಮತ್ತು ಸಂಸ್ಕೃತದ 'ದಾರು' ಪದಗಳ ಬಳಗ, ಅಂದರೆ ಮರದಿಂದ ಮಾಡಿದ್ದು. ನಮ್ಮ ಮರಿಗೆಯಲ್ಲೂ ಮರ ಕೇಳಿಸುತ್ತದಲ್ಲ, ಹಾಗೆ.

ಹಾಗಾದರೆ ಹೇಳದ ಅಕ್ಷರ ತೆಗೆದುಹಾಕಬಹುದಿತ್ತು ಅಲ್ವಾ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಪ್ರಯತ್ನ ನಡೆದಿದೆ. ಅಮೆರಿಕದವರು ನೇಗಿಲ ಪದದಿಂದ ಜಿಎಚ್ ತೆಗೆದರು, ಆ ಬದಲಾವಣೆ ಅಲ್ಲಿ ಉಳಿಯಿತು. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಾಲಯಕ್ಕೆ 300 ಪದಗಳ ಸರಳ ಸ್ಪೆಲ್ಲಿಂಗ್ ಬಳಸಲು ಹೇಳಿದರು. ಥ್ರೂ, ದೋ ಅದರಲ್ಲಿದ್ದವು. ಅಮೆರಿಕದ ಸಂಸತ್ತು ಒಪ್ಪಲಿಲ್ಲ. ಶಿಕಾಗೊ ಟ್ರಿಬ್ಯೂನ್ ಪತ್ರಿಕೆ 1934ರಿಂದ ತನ್ನದೇ ಸರಳ ಸ್ಪೆಲ್ಲಿಂಗ್ ಬಳಸಿತು, 1975ರಲ್ಲಿ ಕೈಬಿಟ್ಟಿತು. ಇವತ್ತು 'ಡ್ರೈವ್ ಥ್ರೂ' ಬೋರ್ಡಿನಲ್ಲಿ ಕಾಣುವ ಗಿಡ್ಡ ಸ್ಪೆಲ್ಲಿಂಗ್ ಆ ಓಟದಲ್ಲಿ ಉಳಿದುಕೊಂಡದ್ದು. ಸ್ಪರ್ಧೆಯಲ್ಲಿ ಅದನ್ನು ಬರೆದರೆ ಮಾರ್ಕ್ಸ್ ಹೋಗುತ್ತದೆ, ಹೇಳಿಡಿ. ನನಗಂತೂ ಆ ಅಕ್ಷರಗಳು ಹಾಗೇ ಇರಲಿ ಅನ್ನಿಸುತ್ತದೆ. ಜಿಎಚ್ ತೆಗೆದರೆ ಬೌ ಪದದಲ್ಲಿ ಬಾಹು ಕಾಣುವ ದಾರಿಯೇ ಮುಚ್ಚಿಹೋಗುತ್ತದೆ.

ಕಲಿಸುವಾಗ ಹೀಗೆ ಮಾಡಿ. ಟಿ ಇರುವ ಪದಗಳನ್ನು ಒಂದೇ ದಿನ ಮುಗಿಸಿ. ಫಕಾರದವನ್ನು ಇನ್ನೊಂದು ದಿನ: ಕಾಫ್, ಟ್ರಾಫ್, ರಫ್, ಟಫ್, ಇನಫ್, ಚಫ್, ಕ್ಲಫ್. ಮೂರನೇ ದಿನ ಮೌನದವು. ಕೊನೆಗೆ ಒಂಟಿ ಪದಗಳನ್ನು ಒಂದೊಂದು ಚಿತ್ರದ ಜೊತೆ ಕಲಿಯಲಿ. ನಡುನಡುವೆ ಇಂಗ್ಲೆಂಡಿನ 'ಲಫ್‌ಬರ' ಎಂಬ ಊರಿನ ಹೆಸರು ಬರೆಸಿ. ಒಂದೇ ಹೆಸರಲ್ಲಿ ಓಯುಜಿಎಚ್ ಎರಡು ಸಲ ಬರುತ್ತದೆ. ಮೊದಲನೆಯದು 'ಅಫ್', ಎರಡನೆಯದು ಬರೀ 'ಅ'. ಮಕ್ಕಳಿಗೆ ಇದು ಬಲು ಖುಷಿ ಕೊಡುತ್ತದೆ.

ಕೊನೆಗೆ ಉಳಿದದ್ದು ಲಾಖ್. ಬೇಕೆಂದೇ ಇದನ್ನು ಹಿಂದೆ ಇಟ್ಟುಕೊಂಡೆ. ಲಾಖ್ ಅಂದರೆ ಐರ್ಲೆಂಡಿನಲ್ಲಿ ಸರೋವರ. ನಮ್ಮ ಲಕ್ಷಕ್ಕೂ ಇದಕ್ಕೂ ಸಂಬಂಧ ಇಲ್ಲ. ಐರಿಷ್ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಓಯುಜಿಎಚ್ ಹಾಕಿದರು. ಅಲ್ಲಿಯ ಜನ ಸದ್ದನ್ನು ಬಿಡಲಿಲ್ಲ. ಈ ಪದದಲ್ಲಿ ಜಿಎಚ್ ಇವತ್ತಿಗೂ ಅದೇ ಹಳೆಯ ಗಂಟಲ ಸದ್ದು. ಉತ್ತರ ಐರ್ಲೆಂಡಿನಲ್ಲಿ 'ಲಾಖ್ ನೇ' ಎಂಬ ಸರೋವರವಿದೆ, ಆ ಇಡೀ ದ್ವೀಪದಲ್ಲೇ ದೊಡ್ಡದು. ಅದರ ಎರಡೂ ಪದ ಜಿಎಚ್‌ನಲ್ಲೇ ಮುಗಿಯುತ್ತವೆ. ಮೊದಲನೆಯದನ್ನು ಹೇಳುತ್ತಾರೆ, ಎರಡನೆಯದನ್ನು ಹೇಳುವುದಿಲ್ಲ. ಅಲ್ಲಿಯವರು ಆ ಹೆಸರು ಹೇಳುವ ಒಂದು ವಿಡಿಯೋ ಹುಡುಕಿ ಮಗಳಿಗೆ ಕೇಳಿಸಿ. ಆಮೇಲೆ 'ಅಂತಃಕರಣ' ಎಂದು ನಿಧಾನಕ್ಕೆ ಹೇಳಲು ಹೇಳಿ, ವಿಸರ್ಗ ಬಂದಾಗ ಗಂಟಲ ಮೇಲೆ ಕೈಯಿಟ್ಟುಕೊಳ್ಳಲಿ.